ಪಾಯಿಂಟರ್

‘ಚುಚ್ಚು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿ ಮೊನೆ, ಚುಕ್ಕಿ, ಬೊಟ್ಟುಮಾಡು ಎಂದೆಲ್ಲ ಅರ್ಥ ಬೆಳೆಸಿಕೊಂಡ ಮಾತು. ಕನ್ನಡದಲ್ಲಿ ‘ಸೂಚಕ’ ಎನ್ನುವುದುಂಟು. ದಾರಿಬದಿಯ ‘ಕೈಮರ’ ನನಗೆ ಹೆಚ್ಚು ಒಪ್ಪಿಗೆ. ಅದು ಊರಲ್ಲ, ಊರು ಇರುವ ಕಡೆಯನ್ನು ತೋರುವಂಥದ್ದು.

ಡೆನ್ನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯಲ್ಲಿ ಪಾಯಿಂಟರ್ ಹಿಡಿದಿಡುವುದು ಮೆಮೊರಿಯ ವಿಳಾಸವನ್ನು. ಅರೇಯ ಹೆಸರು ಬಹುತೇಕ ಕಡೆ ಅದರ ಮೊದಲ ಅಂಶದ ವಿಳಾಸವಾಗಿಬಿಡುತ್ತದೆ. ಸ್ಟ್ರಿಂಗ್ ಎಂದರೆ ಶೂನ್ಯ ಬೈಟ್ ಸಿಗುವ ತನಕ ಸಾಗುವ ಸಾಲು.

ಅನಂತಪುರ ಜಿಲ್ಲೆಯ ‘ಕಂಬದೂರು’ ಎಂಬ ಊರ ಹೆಸರನ್ನೇ ಯುಟಿಎಫ್-8ರಲ್ಲಿ ಬರೆಯಿರಿ. ಕಣ್ಣಿಗೆ 4 ಅಕ್ಷರ; ಒಳಗೆ 7 ಸಂಕೇತ, ತಲಾ 3 ಬೈಟ್, ಶೂನ್ಯ ಸೇರಿ 22. (ಇಂಗ್ಲಿಷ್ ಹೆಸರುಗಳಲ್ಲೇ ಕಲಿತವರು ತಡವರಿಸುವುದು ಇಲ್ಲೇ.) ಕ್ಯಾರೆಕ್ಟರ್ ಪಾಯಿಂಟರನ್ನು ಒಂದು ಹೆಜ್ಜೆ ಸರಿಸಿದರೆ ಅದು ‘ಕ’ದ ನಡುವೆಯೇ ನಿಲ್ಲುತ್ತದೆ, ‘ಬ’ ಮುಟ್ಟಲು 6 ಹೆಜ್ಜೆ ಬೇಕು.