ಸಣ್ಣ ನಗರಗಳ ಫುಟ್‌ಬಾಲ್ ಅರ್ಥವ್ಯವಸ್ಥೆ: ಬಳ್ಳಾರಿ ಸೀಮೆ

ಜನಸಂಖ್ಯೆ ಕಡಿಮೆ ಇರುವ, ಜಾಹೀರಾತುದಾರರ ಕಣ್ಣಿಗೆ ಬೇಗ ಬೀಳದ ಊರುಗಳು ವೃತ್ತಿಪರ ಫುಟ್‌ಬಾಲ್ ತಂಡವನ್ನೂ ಅದಕ್ಕೆ ತಕ್ಕ ಕ್ರೀಡಾಂಗಣವನ್ನೂ ಯಾವ ಹಣದಿಂದ ನಡೆಸಬಲ್ಲವು ಎಂಬುದು ಈ ಲೇಖನದ ವಿಷಯ. ಬಳ್ಳಾರಿಯ ಹೆಸರು ಹೊತ್ತು ದೇಶದ ಉನ್ನತ ಲೀಗ್‌ನಲ್ಲಿ ಆಡುವ ತಂಡ ಇಲ್ಲ. ಆದರೆ ಬೆಂಗಳೂರು ಎಫ್‌ಸಿಯ ಒಡೆತನವಿರುವ ಜೆಎಸ್‌ಡಬ್ಲ್ಯೂ ಸಮೂಹದ ವಿಜಯನಗರ ಉಕ್ಕಿನ ಕಾರ್ಖಾನೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿದೆ. ಆ ಕ್ಲಬ್ಬಿನ ಹುಡುಗರು ಉಳಿದು ಕಲಿಯುವ ವಸತಿ ಅಕಾಡೆಮಿಯೂ ಅಲ್ಲಿಯೇ ಇದೆ. ತಯಾರಿ ಒಂದು ಕಡೆ, ಟಿಕೆಟ್ ಮಾರಾಟ ಇನ್ನೊಂದು ಕಡೆ. ಹಾಗಾಗಿ ಬಳ್ಳಾರಿ ಸೀಮೆಯನ್ನು ತಂಡವಿಲ್ಲದ ಊರು ಎಂದು ಪಕ್ಕಕ್ಕಿಡುವುದು ಸರಿಯಲ್ಲ. ಭಾರತದ ಫುಟ್‌ಬಾಲ್ ಹಣ ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಜಿಲ್ಲೆಗಳು ಹೆಚ್ಚಿಲ್ಲ.

ಆದಾಯದ ಮೂಲಗಳು

ವೃತ್ತಿಪರ ತಂಡಕ್ಕೆ ಹಣ ಬರುವ ದಾರಿಗಳು ಮುಖ್ಯವಾಗಿ ನಾಲ್ಕು: ಟಿಕೆಟ್, ಪ್ರಸಾರದ ಹಕ್ಕು, ಪ್ರಾಯೋಜಕತ್ವ, ಆಟಗಾರರ ವರ್ಗಾವಣೆ. ಇವು ನಾಲ್ಕೂ ಸಾಲದಿದ್ದಾಗ ಮಾಲೀಕರ ಕೈಹಣ. ಭಾರತದಲ್ಲಿ ಐದನೆಯದೇ ಮೊದಲನೆಯದು ಎನ್ನಬೇಕು.

ಒಂದು ಅಂದಾಜು ಲೆಕ್ಕ ನೋಡಬಹುದು. ಸಣ್ಣ ನಗರದ ತಂಡವೊಂದು ತವರಿನಲ್ಲಿ ಋತುವಿಗೆ 12 ಪಂದ್ಯ ಆಡುತ್ತದೆ, ಪ್ರತಿ ಪಂದ್ಯಕ್ಕೆ 5,000 ಜನ ಬರುತ್ತಾರೆ, ಟಿಕೆಟ್ ಸರಾಸರಿ 100 ರೂಪಾಯಿ ಎಂದಿಟ್ಟುಕೊಂಡರೆ ಇಡೀ ಋತುವಿನ ವಸೂಲಿ 60 ಲಕ್ಷ ರೂಪಾಯಿ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2021-22ರಲ್ಲಿ ತಂಡವೊಂದರ ಆಟಗಾರರ ಸಂಬಳಕ್ಕೆ ಹಾಕಿದ್ದ ಮಿತಿ 16.5 ಕೋಟಿ. ಟಿಕೆಟ್ ಹಣ ಅದರ ಶೇಕಡ 4ಕ್ಕೂ ಮುಟ್ಟುವುದಿಲ್ಲ. ತರಬೇತುದಾರರು, ಪ್ರಯಾಣ, ಹೋಟೆಲ್, ಲೀಗ್‌ಗೆ ಕಟ್ಟಬೇಕಾದ ಫ್ರಾಂಚೈಸಿ ಶುಲ್ಕ ಇವೆಲ್ಲ ಸಂಬಳದ ಲೆಕ್ಕದಿಂದ ಹೊರಗೆ.

ಈ ಕೊರತೆಯನ್ನು ಬೇರೆ ದೇಶಗಳ ಸಣ್ಣ ಊರುಗಳು ಪ್ರಸಾರದ ಹಣದಿಂದ ತುಂಬಿಕೊಂಡಿವೆ. ಸ್ಪೇನ್‌ನ ವಿಯ್ಯಾರಿಯಲ್ ಊರಿನ ಜನಸಂಖ್ಯೆ ಹೆಚ್ಚುಕಡಿಮೆ ನಮ್ಮ ಸಿರುಗುಪ್ಪ ಪಟ್ಟಣದಷ್ಟು, ಐವತ್ತು ಸಾವಿರದ ಆಸುಪಾಸು. 1997ರಲ್ಲಿ ಸೆರಾಮಿಕ್ ಹೆಂಚಿನ ಉದ್ಯಮಿ ಫರ್ನಾಂಡೊ ರೊಯಿಗ್ ಅಲ್ಲಿನ ತಂಡವನ್ನು ಕೊಂಡರು. 2021ರಲ್ಲಿ ಆ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು ಮಣಿಸಿ ಯುರೋಪಾ ಲೀಗ್ ಗೆದ್ದಿತು. ಉದ್ಯಮಿಯ ದುಡ್ಡು ಇದಕ್ಕೆ ಕಾರಣ ಹೌದು, ಆದರೆ ಅದೊಂದೇ ಅಲ್ಲ. ಸ್ಪೇನ್‌ನಲ್ಲಿ 2015ರ ಕಾಯ್ದೆಯ ನಂತರ ಪ್ರಸಾರ ಹಕ್ಕು ಒಟ್ಟಾಗಿ ಮಾರಾಟವಾಗುತ್ತದೆ, ಮೊದಲ ದರ್ಜೆಯ ಪಾಲಿನಲ್ಲಿ ಅರ್ಧದಷ್ಟು ಎಲ್ಲ ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಹೆಂಚಿನ ಊರಿನ ತಂಡ ರಾಜಧಾನಿಯ ತಂಡದ ಎದುರು ನಿಲ್ಲುವುದು ಈ ಹಂಚಿಕೆಯ ಬಲದಿಂದ. ಭಾರತದಲ್ಲಿ ಹಂಚಿಕೊಳ್ಳಲು ಅಷ್ಟು ಹಣವೇ ಹುಟ್ಟಿಲ್ಲ.

ಎರಡು ಉಕ್ಕಿನ ಊರುಗಳು

ಬಳ್ಳಾರಿ ಸೀಮೆಯನ್ನು ಹೋಲಿಸಬೇಕಾದದ್ದು ಜಮ್‌ಶೆಡ್‌ಪುರದ ಜೊತೆ. ಎರಡೂ ಕಬ್ಬಿಣದ ಅದಿರಿನ ನೆಲ, ಎರಡರಲ್ಲೂ ಒಂದೊಂದು ದೊಡ್ಡ ಉಕ್ಕಿನ ಕಂಪನಿ, ಎರಡೂ ಕಂಪನಿಗಳ ತಂಡಗಳು ಐಎಸ್‌ಎಲ್ ಸೇರಿದ್ದು 2017ರಲ್ಲಿ. ಒಂದು ತಂಡ ಕಾರ್ಖಾನೆಯ ಊರಿನಲ್ಲೇ ಆಡುತ್ತದೆ, ಇನ್ನೊಂದು ರಾಜಧಾನಿಯಲ್ಲಿ.

ಜಮ್‌ಶೆಡ್‌ಪುರದಲ್ಲಿ ಟಾಟಾ ಸ್ಟೀಲ್ 1987ರಲ್ಲಿ ಟಾಟಾ ಫುಟ್‌ಬಾಲ್ ಅಕಾಡೆಮಿ ಆರಂಭಿಸಿತು. ಜೆಆರ್‌ಡಿ ಟಾಟಾ ಕ್ರೀಡಾ ಸಂಕೀರ್ಣ ಕಂಪನಿಯದೇ. ಜಮ್‌ಶೆಡ್‌ಪುರ ಎಫ್‌ಸಿ ಹುಟ್ಟುವ ಹೊತ್ತಿಗೆ ಮೈದಾನ, ಗ್ಯಾಲರಿ, ಆಟ ನೋಡಿ ಅಭ್ಯಾಸವಿದ್ದ ಕಾರ್ಮಿಕ ಕುಟುಂಬಗಳು ಮೂರೂ ಸಿದ್ಧವಿದ್ದವು. 2021-22ರಲ್ಲಿ ತಂಡ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದು ಶೀಲ್ಡ್ ಗೆದ್ದಿತು. ಕೋವಿಡ್ ಕಾರಣ ಆ ಋತುವಿನ ಪಂದ್ಯಗಳೆಲ್ಲ ಗೋವಾದಲ್ಲೇ ನಡೆದಿದ್ದರಿಂದ ಊರಿನವರಿಗೆ ಅದನ್ನು ಕಣ್ಣಾರೆ ನೋಡುವ ಭಾಗ್ಯ ಸಿಗಲಿಲ್ಲ.

ಜೆಎಸ್‌ಡಬ್ಲ್ಯೂ ದಾರಿ ಬೇರೆ. ವಿಜಯನಗರ ಕಾರ್ಖಾನೆ 1990ರ ದಶಕದ್ದು, ಅದರ ಟೌನ್‌ಶಿಪ್ ಕೂಡ ಹೊಸದು. 2013ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಆಗಿನ ಉನ್ನತ ಲೀಗ್ ಆದ ಐ-ಲೀಗ್‌ಗೆ ಹೊಸ ತಂಡ ಕಟ್ಟಲು ಕಂಪನಿಗಳನ್ನು ಆಹ್ವಾನಿಸಿದಾಗ ಸಮೂಹ ಆರಿಸಿಕೊಂಡದ್ದು ಬೆಂಗಳೂರನ್ನು. ವ್ಯಾಪಾರದ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ ಆಗಿತ್ತು. ಕೋಟಿಗೆ ಸಮೀಪದ ಜನ, ದೇಶದ ಎಲ್ಲ ಕಡೆಯಿಂದ ಬಂದ ಯುವಕರು, ಐಟಿಐ, ಎಚ್‌ಎಎಲ್‌ನಂಥ ಕಂಪನಿ ತಂಡಗಳು ಬೆಳೆಸಿದ ಹಳೆಯ ಫುಟ್‌ಬಾಲ್ ಪರಂಪರೆ ಅಲ್ಲಿದ್ದವು. ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ (2013-14) ಐ-ಲೀಗ್ ಗೆದ್ದಿತು, 2015-16ರಲ್ಲಿ ಮತ್ತೆ ಗೆದ್ದಿತು. 2016ರ ನವೆಂಬರ್‌ನಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ತಂಡವಾಯಿತು, 2018-19ರಲ್ಲಿ ಐಎಸ್‌ಎಲ್ ಕಿರೀಟ ತೊಟ್ಟಿತು.

ತೋರಣಗಲ್ಲಿಗೆ ಬಂದದ್ದು ಪಂದ್ಯಗಳಲ್ಲ, ಶಾಲೆ. ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಲ್ಲಿ ಸುಮಾರು 42 ಎಕರೆಯಲ್ಲಿ ಶುರುವಾಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಜೊತೆ ಫುಟ್‌ಬಾಲ್ ಅಕಾಡೆಮಿಗೂ ಅದೇ ನೆಲೆ. ಬೆಂಗಳೂರು ತಂಡ ಋತುವಿಗೆ ಮುಂಚಿನ ತಾಲೀಮಿಗೆ ಇಲ್ಲಿಗೆ ಬಂದದ್ದುಂಟು. 2022ರ ಏಪ್ರಿಲ್-ಮೇನಲ್ಲಿ ಭಾರತ ತಂಡದ ಶಿಬಿರವೂ ಇಲ್ಲಿಯೇ ನಡೆಯಿತು. ಅಲ್ಲಿಂದ ಹೊರಟ ತಂಡ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಾಂಬೋಡಿಯ, ಅಫ್ಗಾನಿಸ್ತಾನ, ಹಾಂಗ್‌ಕಾಂಗ್ ಮೂರನ್ನೂ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿತು. ಬಳ್ಳಾರಿಯ ಕ್ರೀಡಾ ಚರಿತ್ರೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕಾದ ಸಂಗತಿ ಇದು.

ಕಾನೂನಿನ ಒಂದು ಅಂಶವನ್ನು ಇಲ್ಲಿ ಬಿಡಿಸಿ ಹೇಳಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇಕಡ 2ನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಖರ್ಚು ಮಾಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ, ರಾಷ್ಟ್ರಮಾನ್ಯ, ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಕ್ರೀಡೆಗಳ ‘ತರಬೇತಿ’ ಸೇರಿದೆ. ಲೀಗ್ ಆಡುವ ತಂಡದ ಸಂಬಳ ಆ ಪಟ್ಟಿಯಲ್ಲಿಲ್ಲ. ಇನ್‌ಸ್ಪೈರ್ ಸಂಸ್ಥೆ ಹಲವು ಕಂಪನಿಗಳ ಇಂಥ ನೆರವಿನಿಂದ ನಡೆಯುತ್ತದೆ, ತಂಡ ಮಾಲೀಕರ ವ್ಯಾಪಾರದ ಹಣದಿಂದ. ಗಣಿ ಮತ್ತು ಕಾರ್ಖಾನೆಯ ಜಿಲ್ಲೆಗೆ ಅಕಾಡೆಮಿ ಸುಲಭವಾಗಿ ದಕ್ಕುವುದಕ್ಕೂ ತಂಡ ದಕ್ಕದಿರುವುದಕ್ಕೂ ಈ ವ್ಯತ್ಯಾಸ ಒಂದು ದೊಡ್ಡ ಕಾರಣ ಎಂದು ತೋರುತ್ತದೆ.

ಕಂಪನಿಯನ್ನೇ ನೆಚ್ಚಿಕೊಂಡ ಊರಿನ ತಂಡಕ್ಕೆ ಅಪಾಯವೂ ಇದೆ. ಪಂಜಾಬಿನ ಫಗ್ವಾಡದ ಜೆಸಿಟಿ ಬಟ್ಟೆ ಗಿರಣಿಯ ತಂಡ 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದಿತ್ತು. 2011ರಲ್ಲಿ ಗಿರಣಿಯ ಆಡಳಿತ ಅದನ್ನು ಮುಚ್ಚಿತು.

ಕ್ರೀಡಾಂಗಣ

ಬೆಂಗಳೂರು ಎಫ್‌ಸಿಗೂ ಸ್ವಂತ ಕ್ರೀಡಾಂಗಣ ಇಲ್ಲ. ಮೊದಲ ಋತುವನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, 2014ರಿಂದ ಸರ್ಕಾರದ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂತು. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಈ ಅಂಗಣದಲ್ಲಿ ಆಟದ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. ಟ್ರ್ಯಾಕ್ ತಮಗೆ ಸಿಗುತ್ತಿಲ್ಲವೆಂದು ಅಥ್ಲೀಟ್‌ಗಳೂ ತರಬೇತುದಾರರೂ ಹೈಕೋರ್ಟ್ ಮೆಟ್ಟಿಲೇರಿದರು. 2019ರಲ್ಲಿ ತಂಡ ಪುಣೆಗೆ ಹೋಗುವ ಮಾತೂ ಬಂದಿತ್ತು. ಅಥ್ಲೀಟ್‌ಗಳ ದೂರಿನಲ್ಲಿ ನ್ಯಾಯವಿತ್ತು. ಸರ್ಕಾರಿ ಅಂಗಣವೊಂದನ್ನು ಎರಡು ಕ್ರೀಡೆಗಳು ಹಂಚಿಕೊಂಡಾಗ ಬಾಡಿಗೆ ಕೊಡುವವರ ಕೈ ಮೇಲಾಗುತ್ತದೆ.

ಬಳ್ಳಾರಿಯಲ್ಲಿ ಹೊಸದಾಗಿ ಅಂಗಣ ಕಟ್ಟುವುದಾದರೆ ಗ್ಯಾಲರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ನೆಲದ್ದು. ಜಿಲ್ಲೆಯಲ್ಲಿ, ಸಿರುಗುಪ್ಪದ ಕಡೆಗಂತೂ ಹೆಚ್ಚಾಗಿ, ಎರೆ ನೆಲ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆ ಬಿದ್ದ ಮಾರನೆಯ ದಿನ ಬೂಟಿನ ತಳಕ್ಕೆ ಮೆತ್ತಿ ಕಾಲು ಎತ್ತಲು ಬಿಡದ ಅದೇ ಹೊಲ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಅಂಥ ನೆಲದ ಮೇಲೆ ನೇರವಾಗಿ ಹುಲ್ಲು ಬೆಳೆಸಿದರೆ ಎರಡು ಮಳೆಗಾಲದಲ್ಲಿ ಮೈದಾನ ಏರುತಗ್ಗಾಗುತ್ತದೆ, ಬಿರುಕಿಗೆ ಸಿಕ್ಕಿ ಆಟಗಾರರ ಪಾದ ತಿರುಚುತ್ತದೆ.

ಅಂತರರಾಷ್ಟ್ರೀಯ ಅಳತೆಯ ಆಟದ ಅಂಗಣ 105 ಮೀಟರ್ ಉದ್ದ, 68 ಮೀಟರ್ ಅಗಲ, ಅಂದರೆ 7,140 ಚದರ ಮೀಟರ್. ಎರೆಯನ್ನು ಬಗೆದು ತೆಗೆದು, ತಳದಲ್ಲಿ ರಂಧ್ರದ ಪೈಪು, ಅದರ ಮೇಲೆ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಮರಳಿನ ಹಾಸು ಹಾಕುವುದು ಗಟ್ಟಿ ಕ್ರಮ. ಮರಳೊಂದೇ 2,100 ಘನ ಮೀಟರ್ ಮೀರುತ್ತದೆ, ತೂಕದಲ್ಲಿ ಮೂರು ಸಾವಿರ ಟನ್‌ಗೂ ಮಿಕ್ಕಿ. ಬಿಸಿಲು ತಡೆಯುವ ಬರ್ಮುಡಾ ಜಾತಿಯ ಗರಿಕೆ ಇದಕ್ಕೆ ಒಗ್ಗುತ್ತದೆ, ಆದರೆ ಮರಳು ನೀರನ್ನು ಹಿಡಿದಿಡುವುದಿಲ್ಲ. ಬೇಸಿಗೆಯಲ್ಲಿ ಹುಲ್ಲಿನ ನೀರಿನ ಖರ್ಚು ದಿನಕ್ಕೆ 6 ಮಿಲಿಮೀಟರ್ ಎಂದು ಹಿಡಿದರೆ ಒಂದೇ ಅಂಗಣಕ್ಕೆ ದಿನಕ್ಕೆ ಸುಮಾರು 43 ಸಾವಿರ ಲೀಟರ್ ಬೇಕು. ಬಳ್ಳಾರಿಯಲ್ಲಿ ಏಪ್ರಿಲ್-ಮೇ ತಾಪ 40 ಡಿಗ್ರಿ ದಾಟುತ್ತದೆ, ತುಂಗಭದ್ರಾ ಕಾಲುವೆಗೆ ನೀರು ನಿಲ್ಲುವ ಕಾಲವೂ ಅದೇ. ಕುಡಿಯುವ ನೀರಿಗೆ ಬೀದಿಗಳು ಕಾಯುವಾಗ ಹುಲ್ಲಿಗೆ ಟ್ಯಾಂಕರ್ ಹರಿಸುವ ಪ್ರಶ್ನೆ ಬರಬಾರದು. ಆದ್ದರಿಂದ ಶುದ್ಧೀಕರಿಸಿದ ಒಳಚರಂಡಿ ನೀರಿನ ಏರ್ಪಾಡಿಲ್ಲದೆ ಇಲ್ಲಿ ಹುಲ್ಲಿನ ಅಂಗಣಕ್ಕೆ ಕೈ ಹಾಕುವುದು ತರವಲ್ಲ. ಕೃತಕ ಹುಲ್ಲಿಗೆ ಅಷ್ಟು ನೀರು ಬೇಡ, ಆದರೆ ನಡುಹಗಲ ಬಿಸಿಲಿಗೆ ಅದು ಕಾಲಿಡಲಾಗದಷ್ಟು ಕಾಯುತ್ತದೆ. ದೀಪ ಹಾಕಿ ಸಂಜೆಯ ಮೇಲೆ ಆಡಿಸಬೇಕು, ಆಗ ವಿದ್ಯುತ್ ಬಿಲ್ಲು ಏರುತ್ತದೆ.

ಕಟ್ಟುವ ಖರ್ಚು ಒಮ್ಮೆ ಬಂದು ಹೋಗುತ್ತದೆ, ನೋಡಿಕೊಳ್ಳುವ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಜಿಲ್ಲಾ ಕೇಂದ್ರಗಳ ಕ್ರೀಡಾಂಗಣಗಳು ಸೊರಗುವುದು ಎರಡನೆಯದಕ್ಕೆ ಹಣ ಇಡದೆ ಇರುವುದರಿಂದ.

ಸಿರುಗುಪ್ಪ, ಕುರುಗೋಡು

ಸಿರುಗುಪ್ಪದ ಕೈಯಲ್ಲಿ ಹಣ ಓಡಾಡುವುದು ಭತ್ತದ ಕೊಯ್ಲಿನ ಮೇಲೆ. ಅಕ್ಕಿ ಗಿರಣಿಗಳು ಅಲ್ಲಿನ ಮುಖ್ಯ ಉದ್ಯಮ. ಕುರುಗೋಡು ಇತ್ತೀಚೆಗೆ ತಾಲ್ಲೂಕು ಕೇಂದ್ರವಾದ ಊರು, ದೊಡ್ಡಬಸವೇಶ್ವರ ರಥೋತ್ಸವಕ್ಕೆ ಸುತ್ತಲಿನ ಹಳ್ಳಿಗಳೆಲ್ಲ ನೆರೆಯುತ್ತವೆ. ಇಂಥ ಊರುಗಳಲ್ಲಿ ಆಟಕ್ಕೆ ಹಣ ಕೂಡುವುದು ಟೂರ್ನಿಯ ರೂಪದಲ್ಲಿ: ವ್ಯಾಪಾರಿಗಳೂ ಊರ ಪ್ರಮುಖರೂ ಬಹುಮಾನ, ಊಟ, ಶಾಮಿಯಾನದ ಖರ್ಚು ಹೊರುತ್ತಾರೆ, ನೋಡುವವರಿಗೆ ಪುಕ್ಕಟೆ. ವರ್ಷವಿಡೀ ಸಂಬಳ ಕೊಡಬೇಕಾದ ತಂಡಕ್ಕೆ ಈ ಪದ್ಧತಿ ಸಾಲದು, ಆದರೆ ವಾರದ ಟೂರ್ನಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ.

ಊರಿನ ಹೆಸರು, ಬೇರೆ ಊರಿನ ಮೈದಾನ

ಬಳ್ಳಾರಿಯ ಹೆಸರಿನಲ್ಲಿ ವೃತ್ತಿಪರ ತಂಡ ನಡೆದದ್ದು ಕ್ರಿಕೆಟ್‌ನಲ್ಲಿ. ಬಳ್ಳಾರಿ ಟಸ್ಕರ್ಸ್ 2016ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಗೆದ್ದಿತು. ಪಂದ್ಯಗಳು ಮಾತ್ರ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಅಂಗಣಗಳಲ್ಲಿ ನಡೆದವು. 2019ರ ನಂತರ ಆ ಲೀಗ್ ನಿಂತಿತು. 2022ರಲ್ಲಿ ಅದರ ಜಾಗಕ್ಕೆ ಬಂದ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಬಳ್ಳಾರಿ ಇಲ್ಲ. ತವರು ಮೈದಾನ ಇಲ್ಲದ ತಂಡ ಹೋದಾಗ ಊರಿನಲ್ಲಿ ಖಾಲಿಯಾಗಿ ಉಳಿಯುವ ಗ್ಯಾಲರಿಯೂ ಇರಲಿಲ್ಲ, ಕೇಳುವ ಟಿಕೆಟ್‌ದಾರರೂ ಇರಲಿಲ್ಲ.

2025ರ ಬಿಕ್ಕಟ್ಟು

ಎಐಎಫ್‌ಎಫ್ 2010ರ ಡಿಸೆಂಬರ್‌ನಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು ರಿಲಯನ್ಸ್ ಪಾಲುದಾರಿಕೆಯ ಸಂಸ್ಥೆಗೆ 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಕೊಟ್ಟಿತ್ತು. ಆ ಒಪ್ಪಂದ ಮುಗಿಯುವ ಕಾಲ ಹತ್ತಿರವಾದರೂ ಮುಂದಿನದು ಇತ್ಯರ್ಥವಾಗದೆ, 2025ರ ಜುಲೈನಲ್ಲಿ ಐಎಸ್‌ಎಲ್ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಅದೇ ಪ್ರಕಟಣೆಯಲ್ಲಿ ಯುವ ತಂಡಗಳ ಕೆಲಸ ಎಂದಿನಂತೆ ಮುಂದುವರಿಯುವುದೆಂದೂ ಹೇಳಿತು.