ಒಂದೇ ದ್ರಾಕ್ಷಿ, ಹಲವು ರಸ

ಕಳಲೆಯ ನಮ್ಮ ಮನೆಯಲ್ಲಿ ಮದ್ಯದ ಹೆಸರೆತ್ತುವಂತಿರಲಿಲ್ಲ. ಆದರೆ ಊಟವಾದ ಮೇಲೆ ತಾತನವರು ಎರಡು ಚಮಚ ದ್ರಾಕ್ಷಾರಿಷ್ಟವನ್ನು ನೀರು ಬೆರೆಸಿ ತಪ್ಪದೆ ಸೇವಿಸುತ್ತಿದ್ದರು. ಅದೂ ಹುದುಗಿದ ದ್ರಾಕ್ಷಿಯ ರಸವೇ ಎಂಬುದು ನನಗೆ ತಿಳಿದದ್ದು ಮೈಸೂರಿನಲ್ಲಿ ಓದುವಾಗ. ಕುದಿಸದೆ ಹುದುಗಿಸಿದ್ದು ಆಸವ, ಕಷಾಯ ಮಾಡಿ ಹುದುಗಿಸಿದ್ದು ಅರಿಷ್ಟ ಎಂದು ಶಾರ್ಙ್ಗಧರಸಂಹಿತೆ ಭೇದವೆಣಿಸುತ್ತದೆ. ಕ್ರಮ ಬದಲಾದರೆ ಹೆಸರೂ ಬದಲು.

ಇದಕ್ಕೆ ಪಶ್ಚಿಮದಲ್ಲೊಂದು ನಿದರ್ಶನ ಗ್ರೆನಾಶ್ ಎಂಬ ಕಪ್ಪು ದ್ರಾಕ್ಷಿ. ಸ್ಪೇನಿನ ಅರಗಾನ್ ಇದರ ತವರೆಂದು ಹಲವರ ಮತ. ಅಲ್ಲಿ ಅದು ಗಾರ್ನಾಚ, ಸಾರ್ಡಿನಿಯ ದ್ವೀಪದಲ್ಲಿ ಕನ್ನೊನಾವು. ಫ್ರಾನ್ಸಿನ ತಾವೆಲ್‌ನಲ್ಲಿ ರಸವನ್ನು ಸಿಪ್ಪೆಯೊಡನೆ ಅಲ್ಪಕಾಲವಷ್ಟೇ ಇರಿಸಿ ತಿಳಿಗೆಂಪು ಮದಿರೆಯನ್ನು ತೆಗೆಯುತ್ತಾರೆ. ಷಾತೊನಫ್-ದ್ಯು-ಪಾಪ್‌ನಲ್ಲಿ ಹೆಚ್ಚು ದಿನ ಹುದುಗಿಸಿ, ಬಹುಮಟ್ಟಿಗೆ ಅನ್ಯ ದ್ರಾಕ್ಷಿಗಳನ್ನೂ ಕೂಡಿಸಿ, ಗಾಢವಾದ ಕೆಂಪನ್ನು ಪಡೆಯುತ್ತಾರೆ. ಬಾನ್ಯುಲ್ಸ್‌ನಲ್ಲಿ ಹುದುಗುವಿಕೆಯ ನಡುವೆಯೇ ಮದ್ಯಸಾರ ಹೊಯ್ದು ಅದನ್ನು ತಡೆಯುತ್ತಾರೆ. ಹಣ್ಣಿನ ಸಕ್ಕರೆ ಉಳಿದು ಮದಿರೆ ಸಿಹಿಯಾಗುತ್ತದೆ. ಈ ಮೂರು ಹೆಸರುಗಳಿಗೂ 1936ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು.

ಹಣ್ಣು ಒಂದೇ; ಕಾಲ, ಅಳತೆ, ಕೈಗುಣಗಳು ಬೇರೆ. ಗೌರವವೋ ತಿರಸ್ಕಾರವೋ ಸಲ್ಲುವುದು ಮಾತ್ರ ಹೆಸರಿಗೆ. ನನಗೆ ಈ ಸಂಗತಿ ತಿಳಿದಾಗ ತಾತನವರು ಬದುಕಿದ್ದರು. ಹೇಳಿದ್ದರೆ ಅವರು ಔಷಧವನ್ನೇ ಬಿಡುತ್ತಿದ್ದರು, ನಾನು ಹೇಳಲಿಲ್ಲ.