ಗ್ರಂಥಾಲಯವೆಂಬ ಅಮಾನತ್ತು: ಟಿಪ್ಪುವಿನ ಪುಸ್ತಕ ಭಂಡಾರ ಕಲಿಸುವ ಪಾಠ

ಮಲ್ಲಂದೂರಿನ ಕಾಫಿ ತೋಟಗಳ ನಡುವಿನ ಮನೆಗಳಿಂದ ಇಂದು ನಮ್ಮ ಮಕ್ಕಳು ಪದವಿ, ಸ್ನಾತಕೋತ್ತರ ಪದವಿಗಳಿಗಾಗಿ ಹೊರಡುತ್ತಿದ್ದಾರೆ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕಾಲಿಟ್ಟಾಗ ಸಾಲುಸಾಲು ಕಪಾಟುಗಳು ಅವರನ್ನು ಸ್ವಾಗತಿಸುತ್ತವೆ. ಆದರೆ ಈ ಪುಸ್ತಕಗಳನ್ನು ಆಯ್ದವರು ಯಾರು, ಕಾಪಾಡಿದವರು ಯಾರು, ಇಲ್ಲಿ ಇಲ್ಲದಿರುವ ಪುಸ್ತಕಗಳು ಏಕಿಲ್ಲ ಎಂಬ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ. ನಮ್ಮದೇ ನಾಡಿನ ಒಂದು ಪುಸ್ತಕ ಭಂಡಾರದ ಇತಿಹಾಸವು ಈ ಪ್ರಶ್ನೆಗೆ ಉತ್ತರ ನೀಡುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದಾಗ ಅವರ ಅರಮನೆಯಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳಿದ್ದವು. ಅರಬಿ, ಫಾರಸಿ ಮತ್ತು ದಖ್ಖನಿ ಭಾಷೆಗಳ ಆ ಸಂಗ್ರಹದಲ್ಲಿ ಕುರ್‌ಆನ್ ಪ್ರತಿಗಳು, ತಫ್ಸೀರ್, ಹದೀಸ್, ಫಿಕ್ಹ್ ಮತ್ತು ತಸವ್ವುಫ್ ಗ್ರಂಥಗಳಿದ್ದವು. ಅವುಗಳ ಪಕ್ಕದಲ್ಲೇ ಇತಿಹಾಸ, ಕಾವ್ಯ, ವೈದ್ಯ, ಗಣಿತ, ಖಗೋಳ ಮತ್ತು ನಿಘಂಟುಗಳೂ ಇದ್ದವು. ಧರ್ಮಜ್ಞಾನ ಮತ್ತು ಲೋಕಜ್ಞಾನಗಳನ್ನು ಬೇರೆಬೇರೆ ಮನೆಗಳಲ್ಲಿ ಇಡದ ಒಂದು ದೃಷ್ಟಿ ಅದರಲ್ಲಿ ಎದ್ದು ಕಾಣುತ್ತದೆ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಈ ಪುಸ್ತಕಗಳೆಲ್ಲವೂ ಕೊಂಡು ತಂದವುಗಳಲ್ಲ. ಸವಣೂರು, ಕಡಪ ಮತ್ತು ಆರ್ಕಾಟ್ ಸೀಮೆಗಳ ಯುದ್ಧಗಳಲ್ಲಿ ಕೈವಶವಾದವುಗಳೂ ಅವುಗಳಲ್ಲಿದ್ದವು. ಅಧಿಕಾರವು ಕೈ ಬದಲಿಸಿದಾಗ ಪುಸ್ತಕಗಳೂ ಕೈ ಬದಲಿಸುತ್ತಿದ್ದ ಕಾಲವದು. ಆದರೆ ಬಂದ ಪುಸ್ತಕಗಳನ್ನು ಅಲ್ಲಿ ನಿರ್ಲಕ್ಷಿಸಲಿಲ್ಲ. ಅನೇಕ ಪ್ರತಿಗಳಿಗೆ ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ಚರ್ಮದ ರಟ್ಟು ಕಟ್ಟಲಾಯಿತು. ರಟ್ಟಿನ ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರ ಹೆಸರುಗಳು, ಮೇಲ್ಭಾಗದಲ್ಲಿ 'ಸರ್ಕಾರೆ ಖುದಾದಾದ್' ಎಂಬ ರಾಜ್ಯಮುದ್ರೆ. ಪುಸ್ತಕದ ಮೈಮೇಲೆಯೇ ಅದರ ಮನೆಯ ವಿಳಾಸವನ್ನು ಬರೆದಂತಾಯಿತು.

ಪತನದ ನಂತರ ಆಯ್ಕೆಯ ಹಕ್ಕು ವಿಜೇತರದಾಯಿತು. 1800ರಲ್ಲಿ ವೆಲ್ಲೆಸ್ಲಿಯು ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದನು. ಕಂಪೆನಿಯ ಯುವ ಅಧಿಕಾರಿಗಳಿಗೆ ಇಲ್ಲಿನ ಭಾಷೆಗಳನ್ನು ಕಲಿಸುವುದು ಅದರ ಉದ್ದೇಶ. ಟಿಪ್ಪುವಿನ ಪುಸ್ತಕಗಳ ಬಹುಪಾಲು ಆ ಕಾಲೇಜಿನ ಗ್ರಂಥಾಲಯವನ್ನು ಸೇರಿತು. ಕೆಲವು ಏಷ್ಯಾಟಿಕ್ ಸೊಸೈಟಿಗೆ, ಕೆಲವು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳಿಗೆ, ಕೆಲವು ಲಂಡನ್ನಿನ ಕಂಪೆನಿ ಗ್ರಂಥಾಲಯಕ್ಕೆ ಹೋದವು. ಸುಲ್ತಾನರು ಸ್ವಹಸ್ತದಿಂದ ಬರೆದ ಕನಸುಗಳ ಪುಸ್ತಕವೂ ಲಂಡನ್ ಸೇರಿತು. ಇಂದು ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಕಾಲೇಜಿನ ಗ್ರಂಥಾಲಯವೂ ಮುಂದೆ ಉಳಿಯಲಿಲ್ಲ. ಅದರ ಹಸ್ತಪ್ರತಿಗಳು ಮತ್ತೆ ಹಂಚಿಹೋದವು.

ಹೀಗೆ ಚೆದುರಿದ ಸಂಗ್ರಹದ ಬಗ್ಗೆ ನಾವು ಇಂದು ಇಷ್ಟನ್ನಾದರೂ ಹೇಳಲು ಸಾಧ್ಯವಾಗಿರುವುದು ಒಂದು ಸೂಚಿಯಿಂದ. ಚಾರ್ಲ್ಸ್ ಸ್ಟೀವರ್ಟ್ ಎಂಬ ವಿದ್ವಾಂಸನು ಈ ಗ್ರಂಥಗಳನ್ನು ವಿಷಯವಾರು ವಿಂಗಡಿಸಿ, ವಿವರಣೆ ಸಹಿತ ಪಟ್ಟಿ ಮಾಡಿ 1809ರಲ್ಲಿ ಪ್ರಕಟಿಸಿದನು. ಪುಸ್ತಕಗಳು ಚೆದುರಿದರೂ ಪಟ್ಟಿ ಉಳಿಯಿತು. ರಟ್ಟಿನ ಮೇಲಿನ ಮುದ್ರೆ ಮತ್ತು ಈ ಪಟ್ಟಿ ಇಲ್ಲದಿದ್ದರೆ ಆ ಭಂಡಾರವು ನಮ್ಮ ನೆನಪಿನಿಂದಲೂ ಅಳಿಸಿಹೋಗುತ್ತಿತ್ತು.

ಇದೇ ಮೈಸೂರು ಸೀಮೆಯಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1891ರಲ್ಲಿ ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಾಲಯವು ಸ್ಥಾಪನೆಯಾಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ತಾಳೆಗರಿಯ ಕಟ್ಟೊಂದನ್ನು ಅದಕ್ಕೆ ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಹೆಸರು ಮಾತ್ರ ಉಳಿದಿದ್ದ ಗ್ರಂಥವು ಲೋಕಕ್ಕೆ ಮರಳಿತು. ಇಲ್ಲಿ ಯುದ್ಧವಿರಲಿಲ್ಲ. ಒಬ್ಬರು ನಂಬಿ ಕೊಟ್ಟರು, ಇನ್ನೊಬ್ಬರು ಶ್ರದ್ಧೆಯಿಂದ ಓದಿದರು. ಮುಂದೆ ಆ ಸಂಸ್ಥೆಯು 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದ ಅಂಗವಾಯಿತು.

ಇಂದಿನ ವಿಶ್ವವಿದ್ಯಾಲಯ ಗ್ರಂಥಾಲಯವು ನಿಂತಿರುವುದು ಇಂತಹ ನಂಬಿಕೆಯ ಮೇಲೆಯೇ. ಪಠ್ಯಕ್ರಮವನ್ನು ನೋಡಿ ಅಧ್ಯಾಪಕರು ಪುಸ್ತಕಗಳನ್ನು ಸೂಚಿಸುತ್ತಾರೆ, ವಿದ್ಯಾರ್ಥಿಗಳೂ ಸೂಚಿಸಬಹುದು. ಗ್ರಂಥಾಲಯ ಸಮಿತಿಯು ಅನುದಾನವನ್ನು ವಿಭಾಗಗಳಿಗೆ ಹಂಚುತ್ತದೆ. ಬಂದ ಪ್ರತಿ ಪುಸ್ತಕವೂ ದಾಖಲೆಗೆ ಸೇರಿ, ಒಂದು ಸಂಖ್ಯೆ ಪಡೆದು, ವಿಷಯಕ್ಕೆ ತಕ್ಕ ಕಪಾಟಿಗೆ ಹೋಗುತ್ತದೆ. ಕಾಲಕಾಲಕ್ಕೆ ಎಣಿಕೆ ನಡೆಯುತ್ತದೆ. ಹರಿದವುಗಳಿಗೆ ರಟ್ಟು ಕಟ್ಟಲಾಗುತ್ತದೆ, ಕಾಲ ಮೀರಿದ ಪಠ್ಯಗಳನ್ನು ನಿಯಮದಂತೆ ಹೊರತೆಗೆಯಲಾಗುತ್ತದೆ. ಗ್ರಂಥಾಲಯವು ಬೆಳೆಯುತ್ತಿರುವ ಜೀವಿಯಿದ್ದಂತೆ ಎಂದು ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಪ್ರತಿಪಾದಿಸಿದ್ದರು. ಜೀವಿಗೆ ಆಹಾರ ಬೇಕು, ಆರೈಕೆಯೂ ಬೇಕು.

ಇದರಲ್ಲಿ ನಮ್ಮ ಪಾಲೇನು? ಕೇಳುವವರಿಲ್ಲದ ಪುಸ್ತಕವು ಪಟ್ಟಿಯಲ್ಲಿ ಮೇಲೆ ಬರುವುದು ಕಷ್ಟ. 1987ರಲ್ಲಿ ಸ್ಥಾಪನೆಯಾದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವು ನಮ್ಮ ಜಿಲ್ಲೆಗೆ ಸಂಬಂಧಿಸಿದ ವಿಶ್ವವಿದ್ಯಾಲಯ. ಅಲ್ಲಾಗಲಿ ತಮ್ಮ ಕಾಲೇಜಿನಲ್ಲಾಗಲಿ, ಇಸ್ಲಾಮಿನ ಇತಿಹಾಸ, ಬ್ಯಾರಿ ಮತ್ತು ದಖ್ಖನಿ ಸಾಹಿತ್ಯ, ಮಲೆನಾಡಿನ ಮುಸ್ಲಿಮರ ಬದುಕಿನ ಕುರಿತು ಒಳ್ಳೆಯ ಗ್ರಂಥಗಳು ಬೇಕೆಂದು ನಮ್ಮ ವಿದ್ಯಾರ್ಥಿಗಳು ಲಿಖಿತವಾಗಿ ಕೇಳಬೇಕು. ತರಿಸಿದ ನಂತರ ಓದಬೇಕು. ಯಾರೂ ಮುಟ್ಟದ ಪುಸ್ತಕವು ಧೂಳಿಗೆ ಮಾತ್ರ ಆಹಾರ.

ಇನ್ನು ನಮ್ಮ ಮನೆಗಳ ಮಾತು. ಮಲ್ಲಂದೂರು ಸೀಮೆಯ ಮಳೆಗಾಲದ ಥಂಡಿಯಲ್ಲಿ ಕಾಗದ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಅಜ್ಜಂದಿರು ಓದಿದ ಅರಬಿ-ಮಲಯಾಳಂ ಕಿತಾಬುಗಳು, ಉರ್ದು ಪುಸ್ತಕಗಳು, ಮದುವೆಯ ಮತ್ತು ವಕ್ಫ್‌ನ ಹಳೆಯ ಕಾಗದಗಳು ಅಟ್ಟದಲ್ಲಿದ್ದರೆ ಅವುಗಳನ್ನು ಕೆಳಗಿಳಿಸಿ ನೋಡೋಣ. ನೆರಳಿನಲ್ಲಿ ಗಾಳಿಯಾಡಿಸಿ, ಗೆದ್ದಲು ತಾಗದ ಒಣ ಜಾಗದಲ್ಲಿಡೋಣ. ಒಂದು ನೋಟ್ ಪುಸ್ತಕದಲ್ಲಿ ಪಟ್ಟಿ ಬರೆಯೋಣ: ಹೆಸರು, ಭಾಷೆ, ಯಾರದು, ಎಲ್ಲಿಂದ ಬಂತು. ನಮ್ಮಿಂದ ಕಾಪಾಡಲಾಗದ್ದನ್ನು ಆ ಪಟ್ಟಿಯೊಂದಿಗೆ, ರಸೀದಿ ಪಡೆದು, ಯೋಗ್ಯ ಗ್ರಂಥಾಲಯಕ್ಕೆ ಒಪ್ಪಿಸೋಣ.

ಶ್ರೀರಂಗಪಟ್ಟಣದ ಪುಸ್ತಕಗಳಿಗೆ ಏನು ಮಾಡಬೇಕೆಂದು ನಿರ್ಧರಿಸಿದವರು ಅನ್ಯರು. ನಮ್ಮ ಅಟ್ಟದ ಪುಸ್ತಕಗಳ ವಿಷಯದಲ್ಲಿ ಆ ನಿರ್ಧಾರ ಇನ್ನೂ ನಮ್ಮ ಕೈಯಲ್ಲಿದೆ. ಜ್ಞಾನವು ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟ ಅಮಾನತ್ತು. ಅದನ್ನು ಕೆಡದಂತೆ ಮುಂದಿನ ತಲೆಮಾರಿಗೆ ದಾಟಿಸುವ ಸೌಭಾಗ್ಯವನ್ನು ಅವನು ನಮ್ಮೆಲ್ಲರಿಗೂ ಕರುಣಿಸಲಿ, ಆಮೀನ್.